ಮಾಣಿಗೆ 18 ತುಂಬಿತು, ಮೇಣದಬತ್ತಿ ಹಚ್ಚಿ

ನಮ್ಮ ಶಿರಸಿ ಕಡೆ ಅಡಿಕೆ ವಿಂಗಡಿಸುವುದು ಹುಡುಗಾಟ ಅಲ್ಲ. ಚಾಲಿ ಅಂದ್ರೆ ಒಣಗಿಸಿ ಸುಲಿದ ಒಳ್ಳೆ ಅಡಿಕೆ; ಅದರ ಮೂಟೆಯಲ್ಲಿ ನಾಲ್ಕು ಕೋಕಾ, ಅಂದ್ರೆ ಕಳಪೆ ಅಡಿಕೆ, ಕಂಡರೂ ವ್ಯಾಪಾರಿ ಮುಖ ಸಿಂಡರಿಸುತ್ತಾನೆ. ಪಕ್ಕದ ಮನೆ ಹುಡುಗ, ನಮ್ಮ ಮಾಣಿ, ಮಾತ್ರ ತಪ್ಪಿದ್ದು ನಾನು ನೋಡಿಲ್ಲ. ಅಂಗಳದಲ್ಲಿ ಕೂತ ಅಂದ್ರೆ ಚಾಲಿ ಒಂದು ಕಡೆ, ಬಿಳಿಗೋಟು ಒಂದು ಕಡೆ, ಕೋಕಾ ದೂರ. ಮಾತು ಕಡಿಮೆ, ಲೆಕ್ಕ ಹತ್ತರ ಮೇಲೆ ಹತ್ತುವುದಿಲ್ಲ. ಸರ್ಕಾರ ವಿಕಲಚೇತನರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿನಲ್ಲಿ ಬೌದ್ಧಿಕ ವಿಕಲತೆ ಅಂತ ಇದೆ.

ಶಾಲೆಯಲ್ಲಿದ್ದಾಗ ಅವನಿಗೆ ಭಾರಿ ಮರ್ಯಾದೆ. ಯಾವ ಸಾಹೇಬರು ಬಂದರೂ ಫೋಟೋದಲ್ಲಿ ಅವನೇ ಮುಂದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. 18 ತುಂಬಿದ ಮರುದಿನ ಏನು ಅಂತ ಅವನ ಆಯಿ ಕಚೇರಿಗೆ ಕೇಳಲು ಹೋದರು.

"ಅದು ಬೇರೆ ಟೇಬಲ್ಲು, ಅಮ್ಮಾ."

ಬೇರೆ ಟೇಬಲ್ಲು ಕಾರವಾರದಲ್ಲಿತ್ತು. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋದರೆ ಆ ಟೇಬಲ್ಲು ಊಟಕ್ಕೆ ಹೋಗಿತ್ತು.

ಊಟ ಮುಗಿಸಿ ಬಂದವರು ಧೈರ್ಯ ಹೇಳಿದರು. ಅದೇ ಕಾಯ್ದೆಯಲ್ಲಿ ಸರ್ಕಾರಿ ಕೆಲಸಕ್ಕೆ ಶೇ. 4 ಮೀಸಲಾತಿ ಇದೆಯಲ್ಲ! ಇದೆ, ನಿಜ. ಕಣ್ಣಿನವರಿಗೆ ಒಂದು, ಕಿವಿಯವರಿಗೆ ಒಂದು, ಕೈಕಾಲಿನವರಿಗೆ ಒಂದು. ಉಳಿದ ಒಂದರಲ್ಲಿ ಆಟಿಸಂ, ಬೌದ್ಧಿಕ ವಿಕಲತೆ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಬಹುವಿಧ ವಿಕಲತೆ ಎಲ್ಲರೂ. ಇಡೀ ಪಂಕ್ತಿಗೆ ಒಂದೇ ಹೋಳಿಗೆ ಬಡಿಸಿದ ಹಾಗೆ. ಅದನ್ನೂ ಪರೀಕ್ಷೆ ಪಾಸಾಗಿ ತಿನ್ನಬೇಕು. ಕದಂಬರ ಮೊದಲ ದೊರೆ ಯಾರು ಅಂತ ಬರೆದರೆ ಒಂದು ಅಂಕ. ಮಾಣಿ ಪ್ರತಿ ವರ್ಷ ಬನವಾಸಿ ತೇರಿಗೆ ಹೋಗ್ತಾನೆ, ಅದಕ್ಕೆ ಅಂಕ ಇಲ್ಲ.

ಹಾಗಂತ ಯಾರಿಗೂ ಬಡ್ತಿ ಸಿಕ್ಕಿಲ್ಲ ಅನ್ನಬೇಡಿ. ಹೆಸರಿಗೆ ಸಿಕ್ಕಿದೆ. ಅಂಗವಿಕಲ ಇದ್ದದ್ದು ವಿಕಲಚೇತನ ಆಯ್ತು, ವಿಶೇಷಚೇತನ ಆಯ್ತು, ಈಗ ದಿವ್ಯಾಂಗ. ಸಂಬಳ ಇಲ್ಲದೆ ಮೂರು ಬಡ್ತಿ!

ಕೊನೆಗೆ ಒಂದು ತರಬೇತಿ ಸಿಕ್ಕಿತು. ಮೇಣದಬತ್ತಿ ತಯಾರಿಕೆ. "ಇವ ಅಡಿಕೆ ಚೆನ್ನಾಗಿ ವಿಂಗಡಿಸ್ತಾನೆ ಸಾರ್" ಅಂದರು ಆಯಿ. "ಅಡಿಕೆ ಪಟ್ಟಿಯಲ್ಲಿ ಇಲ್ಲ." ಅಡಿಕೆ ಮಾರಿಯೇ ಬದುಕುವ ಊರಲ್ಲಿ! ಪಟ್ಟಿಯಲ್ಲಿದ್ದದ್ದು ಮೇಣದಬತ್ತಿ, ಕಾಗದದ ಚೀಲ ಎರಡೇ. ತರಗತಿ ಮಹಡಿ ಮೇಲೆ. ಗಾಲಿಕುರ್ಚಿಯ ಹುಡುಗಿಯೊಬ್ಬಳು ಕೆಳಗೇ ಕೂತು ತರಬೇತಿ ಮುಗಿಸಿದಳು. ಹಾಜರಿ ಪೂರ್ತಿ.

ಮೂರು ತಿಂಗಳಿಗೆ ಮಾಣಿ ಒಂದು ಪೆಟ್ಟಿಗೆ ಬತ್ತಿ ತಂದ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಬರುವುದು ದೇವರ ಚಿತ್ತ, ಹೌದು. ಆದರೆ ಎಲ್ಲರ ಕೈಯಲ್ಲೂ ಮೊಬೈಲ್ ಟಾರ್ಚು. ಪೆಟ್ಟಿಗೆ ಅಟ್ಟ ಸೇರಿತು.

ಡಿಸೆಂಬರ್ 3, ವಿಶ್ವ ವಿಕಲಚೇತನರ ದಿನ. ವೇದಿಕೆ, ಹಾರ, ಶಾಲು. ಮಾಣಿ ಮುಂದಿನ ಸಾಲಲ್ಲಿ. ಗಣ್ಯರು ಮೇಣದಬತ್ತಿ ಹಿಡಿದು ದೀಪ ಹಚ್ಚಿದರು. ನನಗೆ ಖುಷಿಯಾಯಿತು, ಒಂದಾದರೂ ಖರ್ಚಾಯ್ತಲ್ಲ ಅಂತ.

"ನಮ್ಮ ಮಾಣಿದಾ?" ಅಂತ ಸಂಘಟಕರನ್ನು ಕೇಳಿದೆ.

"ಛೆ, ಇಲ್ಲ ಸಾರ್. ಅಂಗಡಿದು. ಅವನದ್ದು ಸ್ವಲ್ಪ ಸೊಟ್ಟ, ಫೋಟೋದಲ್ಲಿ ಚೆಂದ ಬರಲ್ಲ."