ಕಾಡು ಬರೀ ಕಾರ್ಬನ್ ಗೋದಾಮಲ್ಲ

ಕಾಡಿನ ಮಾತು ಬಂದರೆ ಈಗ ಎಲ್ಲರದ್ದೂ ಒಂದೇ ಲೆಕ್ಕ. ಇಲ್ಲಿ ಎಷ್ಟು ಟನ್ ಕಾರ್ಬನ್ ಇದೆ, ಕಡಿದರೆ ಎಷ್ಟು ಹೊರಗೆ ಹೋಗುತ್ತದೆ, ಬದಲಿಗೆ ಇನ್ನೆಲ್ಲೋ ಎಷ್ಟು ಗಿಡ ನೆಟ್ಟರೆ ಸರಿಹೋಗುತ್ತದೆ. ಈ ಲೆಕ್ಕ ಸುಳ್ಳಲ್ಲ. ಆದರೆ ಉಷ್ಣವಲಯದ ಕಾಡಿನ ಮಟ್ಟಿಗೆ ಇದು ಅರ್ಧ ಲೆಕ್ಕ. ಇನ್ನರ್ಧ ನೀರಿನದ್ದು. ಅದನ್ನು ಯಾರೂ ಎತ್ತುವುದೇ ಇಲ್ಲವಲ್ಲ ಅಂತ ನನಗೆ ತುಂಬಾ ದಿನದಿಂದ ಸಂಕಟ.

ಒಂದು ಸಣ್ಣ ಪ್ರಯೋಗ ಮಾಡಿ. ಬಿಸಿಲಿರುವ ದಿನ, ಎಲೆ ತುಂಬಿದ ಒಂದು ರೆಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಕವರ್ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಮೊದಲು ಕವರಿನ ಒಳಗೆಲ್ಲ ಮಬ್ಬಾಗುತ್ತದೆ. ಆಮೇಲೆ ಹನಿ ಮೂಡುತ್ತದೆ. ಹನಿಗೆ ಹನಿ ಸೇರಿ ಕೆಳಗೆ ಜಾರುತ್ತದೆ. ಸಂಜೆ ಹೊತ್ತಿಗೆ ಮೂಲೆಯಲ್ಲಿ ನೀರು ನಿಂತಿರುತ್ತದೆ. ಬೇರು ಮಣ್ಣಿನಿಂದ ಎಳೆದು, ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ಹೊರಗೆ ಬಿಟ್ಟ ನೀರು ಅದು. ಒಂದು ರೆಂಬೆಯದ್ದು!

ನೀರು ಆವಿಯಾಗಲು ಶಾಖ ಬೇಕು, ಅಲ್ವಾ? ಒಂದು ಲೀಟರಿಗೆ ಸುಮಾರು 24 ಲಕ್ಷ ಜೂಲ್. ಅಂದರೆ 1,000 ವ್ಯಾಟಿನ ಹೀಟರ್ 40 ನಿಮಿಷ ಉರಿದಷ್ಟು. ಮಳೆಕಾಡಿನ ದೊಡ್ಡ ಮರ ದಿನಕ್ಕೆ ನೂರಾರು ಲೀಟರ್ ಬಿಡುತ್ತದೆ. 300 ಲೀಟರ್ ಅಂತ ಇಟ್ಟುಕೊಳ್ಳಿ. ಅಂಥ ಎಂಟು ಹೀಟರ್ ಹಗಲೂ ರಾತ್ರಿ ಉರಿದರೆ ಎಷ್ಟು ಶಾಖವೋ ಅಷ್ಟನ್ನು ಆ ಒಂದೇ ಮರ ಕೆಳಗಿನಿಂದ ಎತ್ತಿ ಸಾಗಿಸುತ್ತದೆ. ಆ ಶಾಖ ಮಾಯವಾಗುವುದಿಲ್ಲ. ಆವಿ ಮೇಲೇರಿ ಮೋಡ ಕಟ್ಟುವಾಗ ಅಲ್ಲಿ ಹೊರಬರುತ್ತದೆ, ಮೋಡವನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಮರ ಹೋದರೆ ಅದೇ ಬಿಸಿಲು ನೇರ ಮಣ್ಣನ್ನು, ಗಾಳಿಯನ್ನು ಕಾಯಿಸುತ್ತದೆ.

ಇದಕ್ಕೆ ಒಂದು ಒಳ್ಳೆಯ ತಕರಾರು ಇದೆ. ಕಾಡು ಕಪ್ಪು, ಬಿಸಿಲನ್ನು ಜಾಸ್ತಿ ಹೀರುತ್ತದೆ. ಅಮೆಜಾನಿನಲ್ಲಿ ಅಳೆದಾಗ ಕಾಡು ಬಿದ್ದ ಬಿಸಿಲಿನಲ್ಲಿ ಸುಮಾರು ಶೇ. 13ರಷ್ಟನ್ನು, ಹುಲ್ಲುಗಾವಲು ಶೇ. 18ರಷ್ಟನ್ನು ವಾಪಸ್ ಕಳಿಸುತ್ತಿತ್ತು. ಹಾಗಾದರೆ ಕಡಿದ ನೆಲ ತಂಪಾಗಬೇಕಲ್ಲ? ತಿಂಗಳುಗಟ್ಟಲೆ ಹಿಮ ಮುಚ್ಚಿರುವ ಉತ್ತರದ ಸೀಮೆಗಳಲ್ಲಿ ಈ ಮಾತಿನಲ್ಲಿ ಹುರುಳಿದೆ. ಉಷ್ಣವಲಯದಲ್ಲಿ ಇಲ್ಲ. ಇಲ್ಲಿ ಆವಿಯದ್ದೇ ಮೇಲುಗೈ, ಕಡಿದ ನೆಲ ಹಗಲಲ್ಲಿ ಕಾಡಿಗಿಂತ ಬಿಸಿ. ಮಳೆ ನಿಂತ ತಿಂಗಳುಗಳಲ್ಲಂತೂ ಹುಲ್ಲು ಒಣಗಿ ಕೂತುಬಿಡುತ್ತದೆ. ಕಾಡು ಹಸಿರಾಗಿಯೇ ಇರುತ್ತದೆ. ಬ್ರೆಜಿಲ್‌ನ ಪಾರಾ ರಾಜ್ಯದಲ್ಲಿ ಗುಂಡಿ ತೋಡಿ ನೋಡಿದವರಿಗೆ 18 ಮೀಟರ್ ಆಳದಲ್ಲೂ ಬೇರು ಸಿಕ್ಕಿತ್ತು. ಐದಾರು ಮಹಡಿಯಷ್ಟು ಕೆಳಗಿನ ನೀರನ್ನು ಮರ ಸುಡು ಬಿಸಿಲಲ್ಲೂ ಮೇಲೆತ್ತುತ್ತಿರುತ್ತದೆ.

ಈ ನೀರು ಎಲ್ಲಿಗೆ ಹೋಗುತ್ತದೆ? 1970ರ ದಶಕದಲ್ಲಿ ಬ್ರೆಜಿಲ್‌ನ ವಿಜ್ಞಾನಿ ಎನೇಯಸ್ ಸಲಾಟಿ ಇದನ್ನು ಹಿಡಿದ ರೀತಿ ನನಗೆ ಬಹಳ ಇಷ್ಟ. ನೀರಿನಲ್ಲಿರುವ ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಅಂತ ಇದೆ. ಮಳೆ ಸುರಿಯುವಾಗ ಭಾರದ್ದಿರುವ ನೀರು ಮೊದಲು ಇಳಿಯುತ್ತದೆ. ಹಾಗಾಗಿ ಅಟ್ಲಾಂಟಿಕ್ ಕಡೆಯಿಂದ ಬಂದ ಮೋಡ ಒಳನಾಡಿಗೆ ಹೋದಂತೆ ಅದರ ಮಳೆ ಹಗುರಾಗುತ್ತಾ ಹೋಗಬೇಕು. ಅಮೆಜಾನಿನಲ್ಲಿ ಅಷ್ಟು ಹಗುರಾಗಿರಲಿಲ್ಲ. ಅಂದರೆ ದಾರಿಯುದ್ದಕ್ಕೂ ಯಾರೋ ಬಿದ್ದ ನೀರನ್ನು ಗಾಳಿಗೆ ವಾಪಸ್ ತುಂಬುತ್ತಿದ್ದರು. ಕಾಡು! ಅಲ್ಲಿಯ ಮಳೆಯಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೆ ಮತ್ತೆ ಆವಿಯಾಗಿ ಮಳೆಗೆ ಸೇರುತ್ತದೆ ಅಂತ ಅವರು ಲೆಕ್ಕ ಕೊಟ್ಟರು. ಆಫ್ರಿಕಾದ ಕಾಂಗೋ ಕಾಡೂ ಹೀಗೆಯೇ ನೆಲದಿಂದೆದ್ದ ಆವಿಯನ್ನು ನೆಚ್ಚಿಕೊಂಡಿದೆ.

ಇನ್ನೊಂದು ಸಂಗತಿ ಇದಕ್ಕಿಂತ ಅಚ್ಚರಿಯದ್ದು. ದಕ್ಷಿಣ ಅಮೆಜಾನಿನಲ್ಲಿ ಮಳೆಗಾಲ, ಋತುವಿಗೆ ತಕ್ಕಂತೆ ಸರಿಯುವ ಸಮಭಾಜಕದ ದೊಡ್ಡ ಮಳೆಪಟ್ಟಿ ಅಲ್ಲಿಗೆ ಬರುವ ಎರಡು ಮೂರು ತಿಂಗಳು ಮೊದಲೇ ಶುರುವಾಗುತ್ತದೆ. ಏಕೆ ಅಂತ 2017ರಲ್ಲಿ ಉಪಗ್ರಹದ ಅಳತೆಗಳನ್ನು ನೋಡಿದಾಗ, ಆ ಹೊತ್ತಿನ ಆವಿಯಲ್ಲಿ ಎಲೆಗಳಿಂದ ಬಂದ ನೀರಿನ ಗುರುತು ಸಿಕ್ಕಿತು. ಮಳೆಗಾಲಕ್ಕೆ ಚಾಲನೆ ಕೊಡುವುದೇ ಕಾಡು.

ಈಗ ಆ ಸೀಮೆಯಲ್ಲೇ ಇರುವ ಮಾಟೊ ಗ್ರೊಸೊ ರಾಜ್ಯ ನೋಡಿ. ಕಾಡು ಕಡಿದು ಸೋಯಾ ಬೆಳೆಯುವ ನೆಲ. ಮೊದಲ ಮಳೆಗೆ ಸೋಯಾ ಬಿತ್ತುತ್ತಾರೆ, ಅದು ಕಟಾವಾದ ಕೂಡಲೇ ಅದೇ ಹೊಲಕ್ಕೆ ಮುಸುಕಿನ ಜೋಳ. ಎರಡೂ ಬೆಳೆ ಕೈಗೆ ಹತ್ತಬೇಕಾದರೆ ಮಳೆ ಬೇಗ ಬರಬೇಕು, ತಡವಾಗಿ ಹೋಗಬೇಕು. ಆದರೆ 1979ರಿಂದೀಚೆಗೆ ದಕ್ಷಿಣ ಅಮೆಜಾನಿನ ಒಣ ತಿಂಗಳುಗಳು ಉದ್ದವಾಗುತ್ತಲೇ ಬಂದಿವೆ. ಭೂಮಿ ಬಿಸಿಯಾಗುತ್ತಿರುವುದರ ಪಾಲೂ ಇದರಲ್ಲಿದೆ, ಕಡಿದ ಕಾಡಿನ ಪಾಲೂ ಇದೆ. ತಮ್ಮ ಬಿತ್ತನೆಗೆ ಮಳೆ ತರುತ್ತಿದ್ದ ಮರಗಳನ್ನೇ ಕಡಿದು ಹೊಲ ಮಾಡಿದ್ದಾರೆ. ನೋಡಿದರೆ ಸಿಟ್ಟಿಗಿಂತ ದುಃಖವೇ ಜಾಸ್ತಿ ಆಗುತ್ತದೆ.

ಅದಕ್ಕೇ "ಇಲ್ಲಿ ಕಡಿಯುತ್ತೇವೆ, ಅಲ್ಲಿ ನೆಡುತ್ತೇವೆ" ಅನ್ನುವ ಒಪ್ಪಂದಗಳನ್ನು ನಾನು ಒಪ್ಪುವುದಿಲ್ಲ. ಕಾರ್ಬನ್ ಎಲ್ಲಿ ಹೀರಿದರೂ ಒಂದೇ ಇರಬಹುದು. ಮಳೆ ಹಾಗಲ್ಲ. ಬೇರೆ ಖಂಡದಲ್ಲಿ ನೆಟ್ಟ ಗಿಡದಿಂದ ಮಾಟೊ ಗ್ರೊಸೊದ ಬಿತ್ತನೆಗೆ ಒಂದು ಹನಿಯೂ ಬೀಳುವುದಿಲ್ಲ.