ಸಿಟ್ಟು ಬರುವುದಕ್ಕೂ ಹೊತ್ತಿಸುವುದಕ್ಕೂ ನಡುವೆ

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ನಮ್ಮ ನೆರೆಮನೆಯ ಜಗಲಿಯಲ್ಲಿ ಕುಳಿತು ನಾವು ನಾಲ್ಕೈದು ಮಂದಿ ಅರ್ಜಿಯೊಂದನ್ನು ಬರೆಯುತ್ತಿದ್ದೆವು. ಕಚೇರಿಯೊಂದರ ಗೋಡೆಗೆ ಮಲಯಾಳದಲ್ಲಿ ಮಾತ್ರ ಅಂಟಿಸಿದ್ದ ನೋಟೀಸನ್ನು ಓದಲಾರದೆ ಊರಿನ ಕೆಲವು ಹಿರಿಯರು ಕೊನೆಯ ದಿನಾಂಕವನ್ನು ತಪ್ಪಿಸಿಕೊಂಡಿದ್ದರು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಅರ್ಜಿ ಬರೆಯುವುದು ಕನ್ನಡಿಗರಿಗೆ ಅಡಿಕೆ ಸುಲಿಯುವಷ್ಟೇ ರೂಢಿಯ ಕೆಲಸ. ಕಾಲೇಜಿಗೆ ಹೋಗುವ ಹುಡುಗ ‘ವಿ ಆರ್ ಇನ್ಸೆನ್ಸ್ಡ್ ಬೈ ದಿಸ್ ನೋಟೀಸ್’ ಎಂದು ಬರೆದು ಗಟ್ಟಿಯಾಗಿ ಓದಿದಾಗ ಮನೆಯ ಯಜಮಾನರು ಕನ್ನಡಕ ತೆಗೆದು, “ಎಂತ ಮಾರಾಯ, ನೋಟೀಸಿಗೆ ಊದುಬತ್ತಿ ಹೊತ್ತಿಸುವುದಾ?” ಎಂದು ಕೇಳಿದರು.

ಅವರು ತಮಾಷೆಗೆ ಕೇಳಿದ್ದರೂ ಮಾತು ಪೂರ್ತಿ ತಪ್ಪಾಗಿರಲಿಲ್ಲ. ಧೂಪಕ್ಕೂ ಸಿಟ್ಟಿಗೇಳಿಸುವುದಕ್ಕೂ ಇಂಗ್ಲಿಷಿನಲ್ಲಿ ‘ಇನ್ಸೆನ್ಸ್’ ಎಂಬ ಒಂದೇ ಕಾಗುಣಿತ. ‘ಹೊತ್ತಿಸು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದವೇ ಎರಡಕ್ಕೂ ಮೂಲ. ಧೂಪವೆಂದಾಗ ಒತ್ತು ಮೊದಲ ಅಕ್ಷರದ ಮೇಲೆ ಬಿದ್ದರೆ ಕ್ರಿಯಾಪದದಲ್ಲಿ ಎರಡನೆಯದರ ಮೇಲೆ ಬೀಳುತ್ತದೆ. ಬಸ್ಸು ಹತ್ತು ನಿಮಿಷ ತಡವಾದುದಕ್ಕೆ ಯಾರೂ ಈ ಪದವನ್ನು ಬಳಸುವುದಿಲ್ಲ. ಅದಕ್ಕೆ ಕಿರಿಕಿರಿಪಡಿಸು ಎಂಬರ್ಥದ ‘ಅನಾಯ್’ ಸಾಕು. ಅನ್ಯಾಯವನ್ನೋ ಅವಮಾನವನ್ನೋ ಕಂಡು ಮೈಯೆಲ್ಲ ಉರಿದುಹೋಗುವಂಥ ಸಿಟ್ಟಿಗೆ ಮಾತ್ರ ಇದು ಒಪ್ಪುತ್ತದೆ.

ಉರಿ ನಮಗೂ ಹೊಸತಲ್ಲ. ಕಿಡಿಕಿಡಿಯಾಗುವುದು, ಕೆಂಡಾಮಂಡಲವಾಗುವುದು, ಉರಿದುಬೀಳುವುದು ಎಲ್ಲವೂ ಬೆಂಕಿಯ ಮಾತುಗಳೇ. ಆದರೆ ಬೆಂಕಿ ಇಟ್ಟವರು ಯಾರೆಂಬುದನ್ನು ನಮ್ಮ ವಾಕ್ಯ ಹೇಳಲೇಬೇಕಾಗಿಲ್ಲ. ಇಲ್ಲಿನ ಬಸ್ ನಿಲ್ದಾಣದಲ್ಲಿ ಒಬ್ಬರು ‘ನನಗೆ ಕೋಪ ಬಂತು’ ಎಂದರೆ ತುಳುವಿನವರು ‘ಎಂಕ್ ಕೋಪ ಬತ್ತ್ಂಡ್’ ಎನ್ನುತ್ತಾರೆ, ಹವ್ಯಕರು ‘ಎನಗೆ ಪಿಸುರು ಬಂತು’ ಎನ್ನುತ್ತಾರೆ, ಮಲಯಾಳದ ನೆರೆಯವರು ‘ಎನಿಕ್ಕ್ ದೇಷ್ಯಂ ವನ್ನು’ ಎನ್ನುತ್ತಾರೆ. (ಕನ್ನಡದ ಕಿವಿಗೆ ಇದು ದ್ವೇಷದಂತೆ ಕೇಳಿಸಿ ಹೊಸಬರು ಗಾಬರಿಯಾಗುವುದುಂಟು, ಆದರೆ ಅದು ಬರಿಯ ಸಿಟ್ಟು.) ನಾಲ್ಕು ನುಡಿಗಳಲ್ಲಿಯೂ ಸಿಟ್ಟು ಜ್ವರದಂತೆ, ನೆಂಟರಂತೆ, ತಾನಾಗಿ ಬರುತ್ತದೆ, ಬಂದುದಕ್ಕೆ ಹೊಣೆ ಯಾರೆಂಬುದನ್ನು ಕೇಳುವವರೇ ಊಹಿಸಿಕೊಳ್ಳಬೇಕು. ಇಂಗ್ಲಿಷಿನ ಕ್ರಿಯಾಪದವಾದರೋ ಹೊತ್ತಿಸಿದವರನ್ನು ಕರ್ತೃವಿನ ಸ್ಥಾನದಲ್ಲಿ ಕೂರಿಸುತ್ತದೆ, ಇಲ್ಲವೇ ‘ಬೈ’ ಎಂದು ಹಿಂದಿನಿಂದ ಎಳೆದುತರುತ್ತದೆ. ಮನೆಯೊಳಗೆ, ನೆರೆಹೊರೆಯಲ್ಲಿ ನಮ್ಮ ಕ್ರಮವೇ ಮೇಲು, ಏಕೆಂದರೆ ಬೊಟ್ಟುಮಾಡದೆಯೇ ಸಿಟ್ಟನ್ನು ಹೇಳಿ ಮುಗಿಸಬಹುದು. ಆದರೆ ಅರ್ಜಿಯಲ್ಲಿ ಬೊಟ್ಟುಮಾಡದಿದ್ದರೆ ಕೆಲಸ ಕೆಡುತ್ತದೆ ಎಂಬುದು ನನ್ನ ಅನಿಸಿಕೆ. ‘ನಮಗೆ ಬೇಸರವಾಗಿದೆ’ ಎಂಬ ಅರ್ಜಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂದುದನ್ನು ಬೇಕಾದಷ್ಟು ಕಂಡಿದ್ದೇನೆ. ಹಾಗಾಗಿ ಹುಡುಗನ ವಾಕ್ಯವನ್ನು ಹಾಗೆಯೇ ಉಳಿಸಿಕೊಂಡೆವು.

ಕಷ್ಟವಾದದ್ದು ಕನ್ನಡದ ಪ್ರತಿಯಲ್ಲಿ. ಹುಡುಗ ಮೊದಲು ‘ನೋಟೀಸು ನಮ್ಮನ್ನು ರೇಗಿಸಿದೆ’ ಎಂದು ಬರೆದ; ರೇಗಿಸುವುದೆಂದರೆ ಈಗ ಅರ್ಧಕ್ಕರ್ಧ ಚುಡಾಯಿಸುವುದೇ ಆಗಿರುವುದರಿಂದ ಅದನ್ನು ಓದಿ ಎಲ್ಲರೂ ನಕ್ಕರು. ‘ಕೆಣಕಿದೆ’ ಎಂದರೆ ಗೋಡೆಯ ಕಾಗದಕ್ಕೆ ಬೇಕೆಂದೇ ಕಾಲುಕೆರೆಯುವ ಬುದ್ಧಿಯಿತ್ತು ಎಂದಂತಾಗುತ್ತದೆ. ಪತ್ರಿಕೆಗಳವರು ಬಳಸುವ ‘ಕೆರಳಿಸಿದೆ’ ಎಂಬುದೇ ಅರ್ಥಕ್ಕೆ ಹತ್ತಿರವೆಂದು ನಾನು ಸೂಚಿಸಿದೆ. ಯಜಮಾನರು ಪೆನ್ನು ತೆಗೆದುಕೊಂಡು ಅದನ್ನೂ ಹೊಡೆದುಹಾಕಿ, “ನಾವೇನು ಹುಲಿಯಾ ಕೆರಳಲಿಕ್ಕೆ?” ಎಂದರು. ಅದರ ಮೇಲ್ಗಡೆ ‘ಈ ನೋಟೀಸಿನಿಂದ ನಮಗೆ ಸಿಟ್ಟು ಬಂದಿದೆ, ಅದನ್ನು ಅಂಟಿಸಿದವರು ಉತ್ತರ ಕೊಡಬೇಕು’ ಎಂದು ಬರೆದು, ಮೊದಲ ಸಹಿಯನ್ನು ತಾವೇ ಹಾಕಿದರು.