ಹೊಸ ಐಸಿಯು ಕನ್ಸಲ್ಟೆಂಟ್‌ಗೆ ಮೊದಲ ವರ್ಷ ಯಾರು ಬೆನ್ನಿಗಿರಬೇಕು?

ಐಸಿಯು ತರಬೇತಿ ಮುಗಿಸಿ ಕನ್ಸಲ್ಟೆಂಟ್, ಅಂದರೆ ಸ್ವತಂತ್ರ ಹೊಣೆಯ ತಜ್ಞ ವೈದ್ಯರು, ಆದವರು ಮೊದಲ ವರ್ಷದಲ್ಲಿ ಎಡವುವುದು ಕೈಕೆಲಸದಲ್ಲಲ್ಲ. ಟ್ಯೂಬ್ ಹಾಕುವುದು, ಸೆಂಟ್ರಲ್ ಲೈನ್ ಹಾಕುವುದು, ವೆಂಟಿಲೇಟರ್ ಹೊಂದಿಸುವುದು ಅಷ್ಟರೊಳಗೆ ಅವರಿಗೆ ರೂಢಿಯಾಗಿರುತ್ತದೆ. ತೊಡಕು ಬರುವುದು ಬೇರೆ ಕಡೆ. ಈ ರೋಗಿಯನ್ನು ಒಳಗೆ ತೆಗೆದುಕೊಳ್ಳಬೇಕೆ? ಈ ಡಯಾಲಿಸಿಸ್ ಮುಂದುವರಿಸಿದರೆ ರೋಗಿಗೆ ಏನಾದರೂ ಉಪಯೋಗವಿದೆಯೆ? ರಾತ್ರಿ ಬಂದ ಫೋನಿಗೆ ಮಾತಿನಲ್ಲೇ ಉತ್ತರ ಕೊಟ್ಟರೆ ಸಾಕೆ, ಎದ್ದು ಹೊರಡಬೇಕೆ? ನಿನ್ನೆಯವರೆಗೆ ಇವನ್ನೆಲ್ಲ ಕೇಳಲು ಮೇಲೊಬ್ಬರಿದ್ದರು, ಇವತ್ತಿನಿಂದ ಇಲ್ಲ. ಬ್ರಿಟನ್ನಿನಲ್ಲಿ ಈ ಕೆಲಸದಲ್ಲಿರುವ, ಕರ್ನಾಟಕದ ಆಸ್ಪತ್ರೆಗಳ ರೀತಿಯನ್ನೂ ಬಲ್ಲ ಕನ್ನಡಿಗನಾಗಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಈ ಒಂದು ವರ್ಷವನ್ನು ಹೊಸಬರ ಧೈರ್ಯಕ್ಕೆ ಬಿಡಬಾರದು, ಆಸ್ಪತ್ರೆಯೇ ಅದನ್ನು ರೂಪಿಸಬೇಕು. ಇದಕ್ಕೆ ಹೊಸ ಯಂತ್ರವೂ ಬೇಡ, ದೊಡ್ಡ ಖರ್ಚೂ ಇಲ್ಲ. ರೋಸ್ಟರ್ (ಪಾಳಿಯ ಪಟ್ಟಿ) ಬರೆಯುವವರು ಮನಸ್ಸು ಮಾಡಿದರೆ ಮುಕ್ಕಾಲು ಕೆಲಸ ಮುಗಿಯುತ್ತದೆ.

ಬ್ರಿಟನ್ನಿನಲ್ಲಿ ಈ ತರಬೇತಿ ಮೂರು ಹಂತಗಳಲ್ಲಿ ಒಟ್ಟು 7 ವರ್ಷ ನಡೆಯುತ್ತದೆ. ಕೊನೆಯ ಹಂತದ ಒಂದು ವರ್ಷ ಇರುವುದೇ ಕನ್ಸಲ್ಟೆಂಟ್ ಹುದ್ದೆಗೆ ಸಜ್ಜಾಗಲು. ಆ ವರ್ಷದಲ್ಲಿ ರೌಂಡ್ಸ್ ನಡೆಸುವುದು, ಹಾಸಿಗೆ ಹಂಚುವುದು, ಮನೆಯವರೊಡನೆ ಕಷ್ಟದ ಮಾತಾಡುವುದು ಎಲ್ಲವನ್ನೂ ಅವರೇ ಮಾಡುತ್ತಾರೆ, ಹಿರಿಯರು ಹಿಂದೆ ನಿಂತು ನೋಡುತ್ತಾರೆ. ಗರಿಷ್ಠ 3 ತಿಂಗಳು 'ಆ್ಯಕ್ಟಿಂಗ್ ಅಪ್' ಮಾಡಲೂ ಅವಕಾಶವಿದೆ. ಹಾಗೆಂದರೆ ಕನ್ಸಲ್ಟೆಂಟ್ ರೋಸ್ಟರಿನಲ್ಲೇ ಅವರ ಹೆಸರು, ಬೆನ್ನಿಗೆ ಮಾತ್ರ ಒಬ್ಬ ಹಿರಿಯರು ಇದ್ದೇ ಇರಬೇಕು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಐಸಿಯು ತರಬೇತಿ ನಡೆಸುವ ಕಾಲೇಜು ತರಬೇತಿಯ ಕೊನೆಯ 12 ತಿಂಗಳಿಗೆ 'ಟ್ರಾನ್ಸಿಷನ್ ಇಯರ್' ಎಂದೇ ಹೆಸರಿಟ್ಟಿದೆ. ಪರೀಕ್ಷೆಯ ಗಲಾಟೆ ಮುಗಿದ ಮೇಲೆ, ಜವಾಬ್ದಾರಿಯನ್ನು ಸ್ವಲ್ಪಸ್ವಲ್ಪವಾಗಿ ಹೊರಲು ಸಿಗುವ ಕಾಲ ಅದು.

ನಮ್ಮಲ್ಲಿ ಎಂಡಿ ಮುಗಿಸಿದ ಮೇಲೆ 3 ವರ್ಷದ ಸೂಪರ್ ಸ್ಪೆಷಾಲಿಟಿ ಪದವಿ, ಡಿಎಂ ಇಲ್ಲವೆ ಡಿಆರ್‌ಎನ್‌ಬಿ. ಭಾರತದ ಐಸಿಯು ವೈದ್ಯರ ಸಂಘ ಐಎಸ್‌ಸಿಸಿಎಂನ ಡಿಪ್ಲೊಮಾ, ಫೆಲೋಶಿಪ್‌ಗಳ ದಾರಿಯೂ ಇದೆ. ಆ ವರ್ಷಗಳಲ್ಲಿ ಕಾಣುವ ರೋಗಿಗಳ ಸಂಖ್ಯೆ, ಕಾಯಿಲೆಯ ತೀವ್ರತೆ ಎರಡೂ ದೊಡ್ಡವು. ಡೆಂಗಿ, ಕೀಟನಾಶಕ ಸೇವನೆ, ಹಾವು ಕಡಿತ, ಹೆರಿಗೆಯ ನಂತರದ ರಕ್ತಸ್ರಾವ ಇವುಗಳ ವಿಷಯದಲ್ಲಿ ನಮ್ಮವರ ಅನುಭವದ ಹತ್ತಿರ ಬ್ರಿಟನ್ನಿನ ಹೊಸ ಕನ್ಸಲ್ಟೆಂಟ್ ಬರಲಾರರು. ಆದರೆ ಪರೀಕ್ಷೆ ಪಾಸಾದ ಕೆಲವೇ ದಿನಗಳಲ್ಲಿ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಅವರೊಬ್ಬರೇ ಐಸಿಯು ತಜ್ಞರಾಗಿ ನಿಂತಿರುತ್ತಾರೆ. ನಡುವೆ ಮೆಟ್ಟಿಲೇ ಇಲ್ಲ.

ಇದಕ್ಕಿಂತ ಕಠಿಣವಾದದ್ದು ಐಸಿಯು ನಡೆಯುವ ರೀತಿ. ಬ್ರಿಟನ್ನಿನಲ್ಲಿ ಒಳಗೆ ಬಂದ ರೋಗಿಯ ಚಿಕಿತ್ಸೆಯನ್ನು ಐಸಿಯು ತಂಡವೇ ನಡೆಸುತ್ತದೆ, ಸರ್ಜನ್ ಬಂದು ಸಲಹೆ ಕೊಡುತ್ತಾರೆ. ನಮ್ಮ ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ಐಸಿಯು 'ಓಪನ್'. ರೋಗಿಯನ್ನು ಸೇರಿಸಿದ ವೈದ್ಯರದೇ ಕೊನೆಯ ಮಾತು. ಬೆಳಿಗ್ಗೆ ಐಸಿಯು ವೈದ್ಯರು ನಿಲ್ಲಿಸಿದ ಆ್ಯಂಟಿಬಯೋಟಿಕ್ ಸಂಜೆ ಫಿಸಿಷಿಯನ್ ರೌಂಡ್ಸ್ ಆದ ಮೇಲೆ ಮತ್ತೆ ಚಾರ್ಟಿನಲ್ಲಿರುತ್ತದೆ. ಹೊಸಬರಿಗೆ ಹೊಣೆ ಪೂರ್ತಿ, ಅಧಿಕಾರ ಅರ್ಧ. ಮಿನಿಮಮ್ ಗ್ಯಾರಂಟಿ (ಮೊದಲ ಕೆಲಕಾಲ ಕೊಡುವ ನಿಗದಿತ ಸಂಬಳ) ಮುಗಿದು ಸಂಭಾವನೆ ರೋಗಿಗಳ ಸಂಖ್ಯೆಯ ಮೇಲೆ ನಿಲ್ಲುವ ಕಡೆಗಳಲ್ಲಂತೂ, ರೋಗಿ ಕಳಿಸುವ ಹಿರಿಯರ ಎದುರು 'ಈ ರೋಗಿಗೆ ಐಸಿಯು ಬೇಡ' ಎನ್ನಲು ಬಾಯಿ ಬರುವುದಿಲ್ಲ. ಈ ಮುಲಾಜನ್ನು ಹೊಸಬರ ಸ್ವಭಾವದ ದೋಷವೆಂದು ನೋಡುವುದು ಅನ್ಯಾಯ. ಯಾವ ನಿರ್ಧಾರ ಯಾರದು ಎಂದು ಒಂದು ಪುಟದಲ್ಲಿ ಬರೆದು, ಮೆಡಿಕಲ್ ಡೈರೆಕ್ಟರ್ ಸಹಿ ಹಾಕಿಸಿ ಎಲ್ಲ ವಿಭಾಗಗಳಿಗೂ ಕಳಿಸಿದರೆ ಜಗಳ ಅರ್ಧಕ್ಕೆ ಇಳಿಯುತ್ತದೆ. ವೆಂಟಿಲೇಟರ್, ರಕ್ತದೊತ್ತಡ ಏರಿಸುವ ಔಷಧ, ಒಳಗೆ ಸೇರಿಸುವುದು, ಹೊರಗೆ ಕಳಿಸುವುದು ಈ ನಾಲ್ಕಾದರೂ ಐಸಿಯುವಿನ ಕೈಯಲ್ಲಿರಬೇಕು.

ರಾತ್ರಿಯ ಫೋನಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನ ಅನಾಹುತಗಳ ಬೇರು ಅಲ್ಲಿದೆ. ಬ್ರಿಟನ್ನಿನ ಐಸಿಯು ಸೇವಾ ಮಾರ್ಗಸೂಚಿ ಜಿಪಿಐಸಿಎಸ್ ಪ್ರಕಾರ ಆನ್ ಕಾಲ್ ಕನ್ಸಲ್ಟೆಂಟ್ 30 ನಿಮಿಷದಲ್ಲಿ ಹಾಸಿಗೆಯ ಪಕ್ಕ ಬರುವಂತಿರಬೇಕು, ಹೊಸ ರೋಗಿಯನ್ನು 12 ಗಂಟೆಯೊಳಗೆ ಖುದ್ದಾಗಿ ನೋಡಬೇಕು, ದಿನಕ್ಕೆರಡು ಸಲ ರೌಂಡ್ಸ್ ನಡೆಸಬೇಕು. ಇದು ರೋಗಿಯ ರಕ್ಷಣೆಗಾಗಿ ಇರುವ ನಿಯಮ ನಿಜ, ಆದರೆ ಹೊಸಬರಿಗೂ ಇದೇ ಆಸರೆ. ಹೊರಟು ಬಂದರೆ 'ಧೈರ್ಯ ಸಾಲದು' ಎಂದು ಯಾರೂ ಅನ್ನುವಂತಿಲ್ಲ. ನಮ್ಮಲ್ಲಿ ಡ್ಯೂಟಿ ಡಾಕ್ಟರ್ ಮಾನಿಟರ್ ಮತ್ತು ಎಕ್ಸ್‌ರೇಯ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಉತ್ತರವೂ ಅಲ್ಲೇ ಹೋಗುತ್ತದೆ. ಫೋಟೊದಲ್ಲಿ ಆ ಕ್ಷಣದ ಸಂಖ್ಯೆ ಕಾಣುತ್ತದೆ, ಕಳೆದ ನಾಲ್ಕು ಗಂಟೆಯ ಏರಿಳಿತ ಕಾಣುವುದಿಲ್ಲ. ಉಸಿರಾಟಕ್ಕೆ ರೋಗಿ ಎಷ್ಟು ತಿಣುಕುತ್ತಿದ್ದಾರೆ, ಕೈಕಾಲು ತಣ್ಣಗಿವೆಯೆ ಎಂಬುದೂ ಕಾಣುವುದಿಲ್ಲ. ಆ ನಿರ್ಧಾರ ಕೇಸ್ ಶೀಟಿಗೆ ಏರುವುದೂ ಅಪರೂಪ. ಹಾಗಾಗಿ ಕರೆ ಬಂದಾಗ ಆಕ್ಸಿಜನ್ ಎಷ್ಟು, ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಎಷ್ಟು, ಎರಡು ಗಂಟೆಯ ಹಿಂದೆ ಇವೆರಡೂ ಎಷ್ಟಿದ್ದವು, ರಕ್ತದ ಲ್ಯಾಕ್ಟೇಟ್ (ಅಂಗಾಂಗಗಳಿಗೆ ರಕ್ತ ಸಾಲದಾದಾಗ ಏರುವ ಅಂಶ) ಏರಿದೆಯೆ, ಮೂತ್ರ ಎಷ್ಟು ಬಂದಿದೆ, ಸಿಸ್ಟರ್ ಏನು ಹೇಳುತ್ತಾರೆ ಎಂದು ಪ್ರತಿ ಸಲವೂ ಇದೇ ಕ್ರಮದಲ್ಲಿ ಕೇಳುವ ಅಭ್ಯಾಸ ಬೇಕು. ಕೊನೆಯ ಪ್ರಶ್ನೆಯನ್ನು ಮಾತ್ರ ಎಂದೂ ಬಿಡಬಾರದು.

ಎದ್ದು ಹೊರಡಲೇಬೇಕಾದ ಸಂದರ್ಭಗಳನ್ನು ಮೊದಲೇ ಬರೆದಿಡಬೇಕು. ಕಷ್ಟದ ಇಂಟ್ಯುಬೇಷನ್ (ಉಸಿರಾಟದ ಟ್ಯೂಬ್ ಹಾಕುವುದು), ಶೇ 60ಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟರೂ ಇಳಿಯುತ್ತಿರುವ ಸ್ಯಾಚುರೇಷನ್, ಕೆಜಿಗೆ ನಿಮಿಷಕ್ಕೆ 0.3 ಮೈಕ್ರೋಗ್ರಾಂ ದಾಟಿಯೂ ಏರುತ್ತಲೇ ಇರುವ ನಾರ್‌ಅಡ್ರಿನಲಿನ್, ನಿರೀಕ್ಷಿಸದ ಸಾವು, ಇನ್ನೊಂದು ವಿಭಾಗದೊಡನೆ ಹಾಸಿಗೆಗಾಗಿ ತಕರಾರು, ಒಂದೇ ರೋಗಿಯ ಬಗ್ಗೆ ಎರಡನೆಯ ಕರೆ. ಅಂಕಿಗಳನ್ನು ಆಯಾ ಘಟಕದವರು ಬದಲಿಸಿಕೊಳ್ಳಲಿ. ಮೊದಲ ಆರು ತಿಂಗಳು ಈ ಪಟ್ಟಿ ಎರಡು ಮಜಲಿನದಾಗಿರಬೇಕು: ಡ್ಯೂಟಿ ಡಾಕ್ಟರ್ ಹೊಸ ಕನ್ಸಲ್ಟೆಂಟನ್ನು ಯಾವಾಗ ಕರೆಯಬೇಕು, ಹೊಸ ಕನ್ಸಲ್ಟೆಂಟ್ ಹಿರಿಯರನ್ನು ಯಾವಾಗ ಕರೆಯಬೇಕು. ಎರಡನೆಯ ಫೋನ್ ಎತ್ತುವವರು ಯಾರೆಂದು ಆ ರಾತ್ರಿಯ ರೋಸ್ಟರಿನಲ್ಲೇ ಹೆಸರಿರಬೇಕು. 'ಬೇಕಾದರೆ ಯಾವಾಗಲಾದರೂ ಕರೆಯಿರಿ' ಎಂಬ ಸೌಜನ್ಯದ ಮಾತನ್ನು ನಂಬಿ ಮಧ್ಯರಾತ್ರಿ ಯಾರೂ ಕರೆಯುವುದಿಲ್ಲ.

ಬ್ರಿಟನ್ನಿನ ಪದ್ಧತಿಯಲ್ಲೂ ದೋಷಗಳಿವೆ. ಪೂರ್ಣಾವಧಿ ಕನ್ಸಲ್ಟೆಂಟಿನ ವಾರ ಎಂದರೆ 10 ಪಾಳಿ, ಹಗಲಿನ ಒಂದು ಪಾಳಿ 4 ಗಂಟೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಏಳೂವರೆ ರೋಗಿಗಳಿಗೆ, ಎರಡೂವರೆ ಬೋಧನೆ, ಆಡಿಟ್, ಓದಿಗೆ. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಹೊಸಬರು ಬಂದ ತಿಂಗಳಲ್ಲೇ ಯಾರಿಗೂ ಬೇಡವಾದ ಸಮಿತಿಗಳು, ತನಿಖಾ ವರದಿಗಳು ಅವರ ತಲೆಗೆ ಬರುತ್ತವೆ. ಇಲ್ಲ ಎನ್ನಲು ಅವರಿಗೂ ಅಳುಕು. ಅಲ್ಲಿನ ಐಸಿಯು ತಜ್ಞರ ಸಂಸ್ಥೆಯಾದ ಫ್ಯಾಕಲ್ಟಿಯ 'ಥ್ರೈವ್' ಎಂಬ ಮಾರ್ಗದರ್ಶನ ಯೋಜನೆ ಒಳ್ಳೆಯದು, ಏಕೆಂದರೆ ಮಾರ್ಗದರ್ಶಕರು ಬೇರೆ ಆಸ್ಪತ್ರೆಯವರಾದರೆ ಮನಸ್ಸು ಬಿಚ್ಚಿ ಮಾತಾಡಬಹುದು. ಆದರೆ ಆಸ್ಪತ್ರೆಯೊಳಗೇ ಗೊತ್ತುಮಾಡಿದ ಹಿರಿಯರಿಗೂ ಹೊಸಬರಿಗೂ ವಿರುದ್ಧ ವಾರಗಳ ಪಾಳಿ ಬಿದ್ದು ಭೇಟಿಯೇ ಆಗದಿರುವುದು ಸಾಮಾನ್ಯ. ನಾವು ಅನುಕರಿಸುವುದಾದರೆ ಮೊದಲ ಎರಡು ತಿಂಗಳು ಇಬ್ಬರ ಹಗಲಿನ ಪಾಳಿಗಳು ವಾರಕ್ಕೆ ಎರಡು ದಿನವಾದರೂ ಒಂದೇ ಹೊತ್ತಿಗೆ ಬರುವಂತೆ ಇಡಬೇಕು. ಇಡೀ ವಾರಾಂತ್ಯವನ್ನು ಹೊಸಬರ ಮೇಲೆ ಒಂಟಿಯಾಗಿ ಹಾಕುವುದು ಮೂರನೆಯ ತಿಂಗಳ ನಂತರ ಸಾಕು.

ಇನ್ನು ಚಿಕಿತ್ಸೆ ಹಿಂತೆಗೆಯುವ ನಿರ್ಧಾರ. ಬ್ರಿಟನ್ನಿನಲ್ಲಿ ಇನ್ನೊಬ್ಬ ಕನ್ಸಲ್ಟೆಂಟಿನ ಅಭಿಪ್ರಾಯ ಪಡೆದು, ಮನೆಯವರೊಡನೆ ಮಾತಾಡಿ, ದಾಖಲಿಸಿ ಮುಂದುವರಿಯುವುದು ರೂಢಿ. ನಮ್ಮಲ್ಲಿ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟಿನ 2018ರ ಕಾಮನ್ ಕಾಸ್ ತೀರ್ಪು, ಅದರ ನಿಯಮಗಳ 2023ರ ಜನವರಿಯ ಸರಳೀಕರಣ, ಅದನ್ನು ಜಾರಿಗೊಳಿಸಲು 2025ರ ಜನವರಿಯಲ್ಲಿ ಕರ್ನಾಟಕ ಆರೋಗ್ಯ ಇಲಾಖೆ ಹೊರಡಿಸಿದ ಆದೇಶ ಇವೆ. ಪ್ರಾಥಮಿಕ ಮಂಡಳಿಯಲ್ಲಿ ಚಿಕಿತ್ಸೆ ನೀಡುವ ವೈದ್ಯರ ಜೊತೆಗೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು ಬೇಕು. ಆಮೇಲೆ ದ್ವಿತೀಯ ಮಂಡಳಿ. ಪ್ರತಿಯೊಂದೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಹೊಸ ಕನ್ಸಲ್ಟೆಂಟ್ ಆ ಇಬ್ಬರು ತಜ್ಞರಲ್ಲಿ ಒಬ್ಬರಾಗಲಾರರು, ಆದರೆ ಮನೆಯವರ ಮುಂದೆ ಮೊದಲು ಕೂರುವವರು ಅವರೇ. ತಜ್ಞರ ಪಟ್ಟಿ, ಫೋನ್ ನಂಬರು, ನಮೂನೆಗಳು ಮೊದಲ ದಿನವೇ ಅವರ ಕೈಸೇರದಿದ್ದರೆ, ಹಣ ಮುಗಿದ ಕುಟುಂಬ 'ಲಾಮಾ' (ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತೇವೆಂಬ) ಪತ್ರಕ್ಕೆ ಸಹಿ ಹಾಕಿ ರೋಗಿಯನ್ನು ಆ್ಯಂಬುಲೆನ್ಸಿನಲ್ಲಿ ಕರೆದೊಯ್ಯುತ್ತದೆ. ನೋವಿಗೆ ಔಷಧವೂ ಇಲ್ಲದೆ ಹೋಗುತ್ತದೆ ಆ ಜೀವ. ಹೊಸ ವೈದ್ಯರು ಇಂಥ ಮೊದಲ ಮೂರ್ನಾಲ್ಕು ಮಾತುಕತೆಗಳನ್ನು ಹಿರಿಯರ ಪಕ್ಕದಲ್ಲಿ ಕುಳಿತೇ ನಡೆಸಬೇಕು. ಮಾತಾಡುವವರು ಹೊಸಬರು, ಸುಮ್ಮನಿರುವವರು ಹಿರಿಯರು. ಬಿಲ್ಲಿನ ಮಾತನ್ನು ಬಿಲ್ಲಿಂಗ್ ವಿಭಾಗದವರು ಬೇರೆ ಹೊತ್ತಿನಲ್ಲಿ ಆಡಲಿ.

ತಿಂಗಳಿಗೊಮ್ಮೆ ಅರ್ಧ ಗಂಟೆ ಹೊಸಬರೂ ಹಿರಿಯರೂ ಕೂತು ಮೂರು ಬಗೆಯ ಕೇಸ್ ಶೀಟ್ ತೆರೆಯಬೇಕು: ಐಸಿಯುಗೆ ಬೇಡವೆಂದು ವಾಪಸು ಕಳಿಸಿದವರು, ವಾರ್ಡಿಗೆ ಕಳಿಸಿ 48 ಗಂಟೆಯೊಳಗೆ ಮರಳಿ ಬಂದವರು, ತೀರಿಕೊಂಡವರು. ಹುದ್ದೆಯ ಮೌಲ್ಯಮಾಪನಕ್ಕೂ ಈ ಮಾತುಕತೆಗೂ ಸಂಬಂಧವಿರಬಾರದು, ಇದರ ಟಿಪ್ಪಣಿ ಎಚ್‌ಆರ್ ಕಡತಕ್ಕೆ ಹೋಗಬಾರದು. ಹೋಗುತ್ತದೆಂದು ಗೊತ್ತಾದರೆ ಮುಂದಿನ ತಿಂಗಳು ಹೊಸಬರು ತರುವುದು ಚೆನ್ನಾಗಿ ನಡೆದ ಕೇಸುಗಳನ್ನಷ್ಟೇ.